ಅಂದಾಜು ಅವರದು, ಬಿಲ್ಲು ನಮ್ಮದು

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬ ಗಾದೆಯನ್ನು ಮಾಡಿದವರಿಗೆ ವಿದ್ಯುತ್ ಸ್ಥಾವರದ ಪರಿಚಯವಿರಲಿಲ್ಲ. ಮನೆಯ ಅಂದಾಜು ವೆಚ್ಚ ಪಾಯ ತೆಗೆಯುವಾಗ ಒಂದು, ತಾರಸಿ ಹಾಕುವಾಗ ಇನ್ನೊಂದು, ಗೃಹಪ್ರವೇಶದ ದಿನ ಮತ್ತೊಂದು ಆಗುವುದು ಲೋಕಾರೂಢಿ. ಆದರೆ ಅಲ್ಲೊಂದು ನ್ಯಾಯವಿದೆ. ಹೆಚ್ಚಾದ ವೆಚ್ಚವನ್ನು ಭರಿಸುವವನು ಕಟ್ಟಿಸುವವನೇ. ಆದ್ದರಿಂದಲೇ ಅವನು ಮೇಸ್ತ್ರಿಯ ಲೆಕ್ಕವನ್ನು ಎರಡು ಬಾರಿ ನೋಡುತ್ತಾನೆ, ಸಿಮೆಂಟಿನ ಮೂಟೆಗಳನ್ನು ಎಣಿಸುತ್ತಾನೆ. ವಿದ್ಯುತ್ ಸ್ಥಾವರದ ಮಾತು ಬೇರೆ. ಅಲ್ಲಿ ಕಟ್ಟಿಸುವುದು ಕಂಪೆನಿ, ಹಣ ತೆರುವುದು ಮನೆಯಲ್ಲಿ ದೀಪ ಹಚ್ಚಿದವರು. ಇವರಿಬ್ಬರ ನಡುವೆ ನಿಂತು ಮೂಟೆ ಎಣಿಸಬೇಕಾದದ್ದು ವಿದ್ಯುತ್ ನಿಯಂತ್ರಣ ಆಯೋಗದ ಕರ್ತವ್ಯ.

ಈ ಎಣಿಕೆ ಎಷ್ಟು ಕಟ್ಟುನಿಟ್ಟಾಗಿರಬೇಕು ಎಂಬ ಚರ್ಚೆ ಎಲ್ಲ ಕಡೆಯೂ ನಡೆಯುತ್ತದೆ. ಆದರೆ ಅದು ಯಾವಾಗ ನಡೆಯಬೇಕು ಎಂಬುದೇ ಹೆಚ್ಚು ಮುಖ್ಯವಾದ ಪ್ರಶ್ನೆ ಎಂದು ನನಗೆ ಮನವರಿಕೆಯಾದದ್ದು ಅಮೆರಿಕದ ಆಗ್ನೇಯ ಭಾಗದ ಮೂರು ಸ್ಥಾವರಗಳ ಕಥೆಯನ್ನು ಒಟ್ಟಿಗೆ ಇಟ್ಟು ಓದಿದಾಗ. ಮೂರೂ ಒಂದೇ ಕಾಲದಲ್ಲಿ ಆರಂಭವಾದವು; ಮೂರರಲ್ಲೂ ವೆಚ್ಚ ಅಂದಾಜನ್ನು ಮೀರಿ ಬೆಳೆಯಿತು. ಆದರೆ ಆ ಹೊರೆ ಯಾರ ಹೆಗಲೇರಿತು ಎಂಬುದು ಮೂರು ರಾಜ್ಯಗಳಲ್ಲಿ ಮೂರು ಬಗೆಯಾಯಿತು.

ಮೊದಲನೆಯದು ಜಾರ್ಜಿಯಾ ರಾಜ್ಯದ ಸವಾನಾ ನದಿಯ ದಂಡೆಯಲ್ಲಿರುವ ವೋಗ್ಟಲ್ ಪರಮಾಣು ವಿದ್ಯುತ್ ಸ್ಥಾವರ. ಅಲ್ಲಿಯ ಮೊದಲ ಎರಡು ಘಟಕಗಳಿಗೇ ಒಂದು ಪೂರ್ವೇತಿಹಾಸವಿತ್ತು. ನಾಲ್ಕು ಘಟಕಗಳಿಗೆಂದು 66 ಕೋಟಿ ಡಾಲರಿನ ಅಂದಾಜಿನೊಂದಿಗೆ ಹೊರಟ ಯೋಜನೆ 1980ರ ದಶಕದ ಕೊನೆಗೆ ಎರಡೇ ಘಟಕಗಳಿಗೆ ಇಳಿದು, ಸುಮಾರು 887 ಕೋಟಿ ಡಾಲರ್ ನುಂಗಿತ್ತು. ಆ ನೆನಪು ಮಾಸುವ ಮೊದಲೇ, 2009ರ ಮಾರ್ಚ್‌ನಲ್ಲಿ, ಅದೇ ಆವರಣದಲ್ಲಿ 3 ಮತ್ತು 4ನೆಯ ಘಟಕಗಳನ್ನು ಕಟ್ಟಲು ಜಾರ್ಜಿಯಾದ ಸಾರ್ವಜನಿಕ ಸೇವಾ ಆಯೋಗ ಅನುಮತಿ ನೀಡಿತು. ಎಲ್ಲ ಪಾಲುದಾರರ ಪಾಲೂ ಸೇರಿ ಒಟ್ಟು ಅಂದಾಜು ಸುಮಾರು 1,400 ಕೋಟಿ ಡಾಲರ್. ಅದರಲ್ಲಿ ಜಾರ್ಜಿಯಾ ಪವರ್ ಕಂಪೆನಿಯ ಪಾಲು ಶೇ 45.7. 2016 ಮತ್ತು 2017ರಲ್ಲಿ ಎರಡೂ ಘಟಕಗಳು ವಿದ್ಯುತ್ ಕೊಡಬೇಕಿತ್ತು.

ವಿದ್ಯುತ್ ದರ ನಿಗದಿಯಲ್ಲಿ ಅಮೆರಿಕದ ಹಳೆಯ ನಿಯಮವೊಂದಿದೆ. ಸ್ಥಾವರ ಕೆಲಸಕ್ಕೆ ಬಂದು ಜನರಿಗೆ ಉಪಯೋಗವಾದ ಮೇಲೆಯೇ ಅದರ ಖರ್ಚು ದರದೊಳಗೆ ಸೇರಬೇಕು ಎಂಬುದು ಅದರ ತಿರುಳು. ಜಾರ್ಜಿಯಾದ ಶಾಸನಸಭೆ 2009ರಲ್ಲಿ ಕಾಯ್ದೆಯೊಂದನ್ನು ತಂದು ಈ ನಿಯಮವನ್ನು ಸಡಿಲಿಸಿತು. ನಿರ್ಮಾಣಕ್ಕೆ ತಂದ ಬಂಡವಾಳದ ಮೇಲಿನ ಖರ್ಚನ್ನು, ಅಂದರೆ ಸಾಲದ ಬಡ್ಡಿಯನ್ನೂ ಷೇರುದಾರರ ಲಾಭಾಂಶವನ್ನೂ, ನಿರ್ಮಾಣ ನಡೆಯುತ್ತಿರುವಾಗಲೇ ಗ್ರಾಹಕರಿಂದ ವಸೂಲು ಮಾಡಬಹುದು ಎಂದಿತು. ಹೀಗೆ 2011ರಿಂದ ಜಾರ್ಜಿಯಾದ ವಿದ್ಯುತ್ ಬಿಲ್ಲಿನಲ್ಲಿ ಹೊಸದೊಂದು ಸಾಲು ಕಾಣಿಸಿಕೊಂಡಿತು. ಬಡ್ಡಿಯನ್ನು ಆಗಿಂದಾಗಲೇ ಕಟ್ಟಿದರೆ ಚಕ್ರಬಡ್ಡಿ ಬೆಳೆಯುವುದಿಲ್ಲ, ಕೊನೆಗೆ ಗ್ರಾಹಕರಿಗೇ ಲಾಭ ಎಂಬುದು ಕಂಪೆನಿಯ ವಾದ. ಲೆಕ್ಕದ ದೃಷ್ಟಿಯಿಂದ ಅದು ಪೂರ್ತಿ ಸುಳ್ಳಲ್ಲ. ಆದರೆ ತಡವಾದಷ್ಟೂ ತನ್ನ ಕೈ ಸುಡುತ್ತದೆ ಎಂಬ ಭಯ ಕಂಪೆನಿಗೆ ಆ ಮಟ್ಟಿಗೆ ಕಡಿಮೆಯಾಯಿತು ಎಂಬುದೂ ನಿಜ.

ಕಾಮಗಾರಿ ತಡವಾಗುತ್ತಲೇ ಹೋಯಿತು. ಕಾರಣಗಳು ಒಂದೆರಡಲ್ಲ. ವೆಸ್ಟಿಂಗ್‌ಹೌಸ್ ಕಂಪೆನಿಯ ರಿಯಾಕ್ಟರ್ ವಿನ್ಯಾಸದ ವಿವರ ನಕ್ಷೆಗಳು ಕೆಲಸ ಆರಂಭವಾದಾಗ ಪೂರ್ಣವಾಗಿರಲಿಲ್ಲ. ಲೂಸಿಯಾನಾದ ಕಾರ್ಖಾನೆಯಲ್ಲಿ ತಯಾರಾಗಿ ಬರಬೇಕಿದ್ದ ಬೃಹತ್ ಭಾಗಗಳು ತಡವಾಗಿ, ದೋಷಗಳೊಂದಿಗೆ ಬಂದವು. 2012ರಲ್ಲಿ ಅಡಿಪಾಯದ ಕಬ್ಬಿಣದ ಸರಳುಗಳ ಜೋಡಣೆಯೇ ಅನುಮೋದಿತ ವಿನ್ಯಾಸಕ್ಕೆ ಹೊಂದಲಿಲ್ಲ. 2017ರ ಮಾರ್ಚ್‌ನಲ್ಲಿ ವೆಸ್ಟಿಂಗ್‌ಹೌಸ್ ದಿವಾಳಿಯಾಯಿತು. ನಂತರ ಕೋವಿಡ್ ಬಂತು. 2021ರಲ್ಲಿ ವಿದ್ಯುತ್ ಕೇಬಲ್‌ಗಳ ಅಳವಡಿಕೆಯಲ್ಲಿ ಲೋಪ ಕಂಡುಬಂದು ಮತ್ತೆ ಬಿಚ್ಚಿ ಕಟ್ಟಬೇಕಾಯಿತು. ಕೊನೆಗೆ 3ನೆಯ ಘಟಕ 2023ರ ಜುಲೈನಲ್ಲಿ, 4ನೆಯದು 2024ರ ಏಪ್ರಿಲ್‌ನಲ್ಲಿ ವಾಣಿಜ್ಯ ಉತ್ಪಾದನೆ ಆರಂಭಿಸಿದವು. ಒಟ್ಟು ವೆಚ್ಚ 3,000 ಕೋಟಿ ಡಾಲರನ್ನು ದಾಟಿತ್ತು. ಎಲ್ಲವನ್ನೂ ಸೇರಿಸಿದರೆ ಸುಮಾರು 3,500 ಕೋಟಿ. ಸ್ಥಾವರ ಶುರುವಾಗುವ ಮೊದಲೇ, ಬಿಲ್ಲಿನ ಆ ಒಂದು ಸಾಲಿನ ಮೂಲಕ, ಸರಾಸರಿ ಗೃಹ ಗ್ರಾಹಕರೊಬ್ಬರು 926 ಡಾಲರ್‌ಗಿಂತ ಹೆಚ್ಚು ತೆತ್ತಿರುತ್ತಾರೆ ಎಂದು ಅಂದಾಜಿಸಲಾಗಿತ್ತು.

ಇಷ್ಟೆಲ್ಲ ನಡೆಯುವಾಗ ಆಯೋಗ ನಿದ್ರಿಸುತ್ತಿತ್ತೇ? ಇಲ್ಲ. ನನ್ನನ್ನು ಹೆಚ್ಚು ಕಾಡಿದ್ದು ಇದೇ ಸಂಗತಿ. ಆರು ತಿಂಗಳಿಗೊಮ್ಮೆ ಕಂಪೆನಿ ಪ್ರಗತಿ ವರದಿ ಸಲ್ಲಿಸುತ್ತಿತ್ತು; ಆಯೋಗ ನೇಮಿಸಿದ ಸ್ವತಂತ್ರ ಮೇಲ್ವಿಚಾರಕರಿದ್ದರು; ಪ್ರತಿ ವರದಿಯ ಮೇಲೂ ಬಹಿರಂಗ ವಿಚಾರಣೆ ನಡೆಯುತ್ತಿತ್ತು. ಕಂಪೆನಿ ಹೇಳುವ ದಿನಾಂಕಕ್ಕೆ ಕೆಲಸ ಮುಗಿಯುವುದಿಲ್ಲ ಎಂದು ಈ ತಜ್ಞರು ಮತ್ತೆ ಮತ್ತೆ ಎಚ್ಚರಿಸಿದರು. 2017ರ ಕೊನೆಯಲ್ಲಂತೂ, ಪರಿಷ್ಕೃತ ವೆಚ್ಚ ಮತ್ತು ವಿಳಂಬವನ್ನು ಗಣನೆಗೆ ತೆಗೆದುಕೊಂಡರೆ ಈ ಯೋಜನೆಯನ್ನು ಪೂರ್ಣಗೊಳಿಸುವುದು ಆರ್ಥಿಕವಾಗಿ ಲಾಭದಾಯಕವಲ್ಲ ಎಂದು ಆಯೋಗದ ಸಿಬ್ಬಂದಿಯ ಪರವಾಗಿಯೇ ಸಾಕ್ಷ್ಯ ದಾಖಲಾಯಿತು. ಐವರು ಸದಸ್ಯರ ಆಯೋಗ ಆ ವರ್ಷದ ಡಿಸೆಂಬರ್‌ನಲ್ಲಿ ಸರ್ವಾನುಮತದಿಂದ, ಕಂಪೆನಿಯ ಲಾಭದರವನ್ನು ಒಂದಿಷ್ಟು ಇಳಿಸಿ, ಕಾಮಗಾರಿ ಮುಂದುವರಿಸಲು ಒಪ್ಪಿತು. ಅಷ್ಟು ಹಣ ಸುರಿದಾಗಿದೆ, ಈಗ ನಿಲ್ಲಿಸುವುದು ಹೇಗೆ ಎಂಬ ಪ್ರಶ್ನೆಗೆ ಆ ಹಂತದಲ್ಲಿ ಯಾವ ಆಯೋಗದ ಬಳಿಯೂ ಸುಲಭದ ಉತ್ತರವಿರುವುದಿಲ್ಲ.

ಅದಕ್ಕೂ ಮುನ್ನ, ಆ ಹಿಂದಿನ ವರ್ಷದ ಕೊನೆಯಲ್ಲಿ, ಆಯೋಗ ಮತ್ತೊಂದು ರಾಜಿಗೆ ಒಪ್ಪಿಗೆ ಕೊಟ್ಟಿತ್ತು. ಕಂಪೆನಿಯ ಪಾಲಿನ ಬಂಡವಾಳ ವೆಚ್ಚ 568 ಕೋಟಿ ಡಾಲರ್ ಮುಟ್ಟುವವರೆಗೆ ಅದು ವಿವೇಕಯುತವಾದ ವೆಚ್ಚವೆಂದೇ ಭಾವಿಸತಕ್ಕದ್ದು. ಅಲ್ಲ ಎನ್ನುವವರು ಅದನ್ನು ಸಾಬೀತುಪಡಿಸಬೇಕು ಎಂಬುದು ಅದರ ಒಂದು ಷರತ್ತು. ಸಾಕ್ಷ್ಯದ ಹೊರೆ ಯಾರ ಮೇಲಿದೆ ಎಂಬುದರಲ್ಲೇ ಅರ್ಧ ತೀರ್ಪು ಅಡಗಿರುತ್ತದೆ ಎಂಬುದನ್ನು ನ್ಯಾಯಾಲಯದ ಮೆಟ್ಟಿಲು ಹತ್ತಿದವರೆಲ್ಲ ಬಲ್ಲರು. ಕಂಪೆನಿಯ ಕಡತಗಳೆಲ್ಲ ಕಂಪೆನಿಯ ಬೀರುವಿನಲ್ಲಿರುವಾಗ, ನಿವೃತ್ತ ಶಿಕ್ಷಕರೋ ಗ್ರಾಹಕ ಸಂಘದವರೋ ಒಬ್ಬ ವಕೀಲರನ್ನು ಕರೆತಂದು ಏನನ್ನು ಸಾಬೀತುಪಡಿಸಬಲ್ಲರು?

ಅಂತಿಮ ಪರಿಶೀಲನೆಯೂ ರಾಜಿಯಲ್ಲೇ ಮುಗಿಯಿತು. 2023ರ ಡಿಸೆಂಬರ್‌ನಲ್ಲಿ ಜಾರ್ಜಿಯಾ ಪವರ್‌ನ ಪಾಲಿನ ನಿರ್ಮಾಣ ವೆಚ್ಚದಲ್ಲಿ ಸುಮಾರು 756 ಕೋಟಿ ಡಾಲರನ್ನು ಗ್ರಾಹಕರಿಂದ ವಸೂಲು ಮಾಡಲು ಆಯೋಗ ಅನುಮತಿಸಿತು. ಸುಮಾರು 260 ಕೋಟಿ ಡಾಲರನ್ನು ಷೇರುದಾರರು ಹೊತ್ತುಕೊಂಡರು. ಷೇರುದಾರರ ಪಾಲು ಸಣ್ಣದಲ್ಲ ಎಂಬುದನ್ನು ಒಪ್ಪಲೇಬೇಕು. ಆದರೂ ಜಾರ್ಜಿಯಾದಲ್ಲಿ ಕಾವಲುಗಾರನಿದ್ದ, ಬಾಗಿಲಿಗೆ ಬೀಗವಿರಲಿಲ್ಲ ಎಂದೇ ನನಗನ್ನಿಸುತ್ತದೆ. ಎಲ್ಲವನ್ನೂ ನೋಡಿದರು, ಬರೆದಿಟ್ಟರು. ಇದಕ್ಕಿಂತ ಮೇಲೆ ಒಂದು ಡಾಲರೂ ಇಲ್ಲ ಎನ್ನುವ ಗೆರೆಯನ್ನು ಮಾತ್ರ ಮೊದಲೇ ಎಳೆದಿರಲಿಲ್ಲ.

ನೆರೆಯ ದಕ್ಷಿಣ ಕ್ಯಾರೊಲಿನಾದಲ್ಲಿ ಕಾವಲುಗಾರನ ಕೈಯನ್ನೇ ಕಟ್ಟಲಾಗಿತ್ತು. ಅಲ್ಲಿಯ 2007ರ ಕಾಯ್ದೆ ನಿರ್ಮಾಣ ಕಾಲದಲ್ಲೇ ದರ ಏರಿಸಲು ಅವಕಾಶ ಕೊಟ್ಟಿತು. ಅಷ್ಟೇ ಅಲ್ಲ, ಯೋಜನೆಯನ್ನು ಅರ್ಧದಲ್ಲೇ ಕೈಬಿಟ್ಟರೂ ಖರ್ಚು ಮಾಡಿದ ಹಣವನ್ನು ಗ್ರಾಹಕರಿಂದ ಪಡೆಯುವ ದಾರಿಯನ್ನೂ ತೆರೆದಿಟ್ಟಿತು. ವಿ.ಸಿ. ಸಮ್ಮರ್ ಸ್ಥಾವರದಲ್ಲಿ ಅದೇ ವೆಸ್ಟಿಂಗ್‌ಹೌಸ್ ವಿನ್ಯಾಸದ ಎರಡು ಘಟಕಗಳ ಕಾಮಗಾರಿ ನಡೆಯಿತು. ಕಂಪೆನಿ ಒಂಬತ್ತು ಬಾರಿ ದರ ಏರಿಸಿತು. ಮನೆಯ ಬಿಲ್ಲಿನ ಸುಮಾರು ಶೇ 18ರಷ್ಟು ಈ ಒಂದು ಯೋಜನೆಗೇ ಹೋಗುತ್ತಿತ್ತು. ನಿಗದಿತ ವೇಳೆಗೆ ಕೆಲಸ ಮುಗಿಯದೆಂದು ಹೆಸರಾಂತ ಬೆಕ್ಟೆಲ್ ಸಂಸ್ಥೆ 2016ರಲ್ಲಿ ಕೊಟ್ಟ ವರದಿ ಸಾರ್ವಜನಿಕರಿಂದ ಮರೆಯಾಗಿಯೇ ಉಳಿಯಿತು. ಸುಮಾರು 900 ಕೋಟಿ ಡಾಲರ್ ವ್ಯಯವಾದ ಮೇಲೆ, 2017ರ ಜುಲೈ 31ರಂದು, ಕೆಲಸವನ್ನು ಕೈಬಿಡಲಾಯಿತು. ಒಂದು ಯೂನಿಟ್ ವಿದ್ಯುತ್ತೂ ಬರಲಿಲ್ಲ. ಹೂಡಿಕೆದಾರರಿಗೂ ಸಾರ್ವಜನಿಕರಿಗೂ ಸುಳ್ಳು ಹೇಳಿದ ವಂಚನೆಗಾಗಿ ಮಾತೃ ಕಂಪೆನಿಯ ಮಾಜಿ ಮುಖ್ಯಸ್ಥ ಕೆವಿನ್ ಮಾರ್ಷ್ 2021ರಲ್ಲಿ ಎರಡು ವರ್ಷಗಳ ಜೈಲು ಶಿಕ್ಷೆಗೆ ಗುರಿಯಾದರು. ಖರ್ಚು ಹೇಗಿದ್ದರೂ ಹಿಂದಿರುಗುತ್ತದೆ ಎಂಬ ಖಾತರಿ ಇರುವಲ್ಲಿ ಕೆಟ್ಟ ಸುದ್ದಿಯನ್ನು ಹೇಳಬೇಕೆಂಬ ಒತ್ತಡವೇ ಇರುವುದಿಲ್ಲ.

ಮೂರನೆಯದು ಮಿಸಿಸಿಪ್ಪಿ ರಾಜ್ಯದ ಕೆಂಪರ್ ಸ್ಥಾವರ. ಕಂದು ಕಲ್ಲಿದ್ದಲನ್ನು ಅನಿಲವಾಗಿಸಿ, ಇಂಗಾಲದ ಬಹುಪಾಲನ್ನು ಹಿಡಿದಿಟ್ಟು, 582 ಮೆಗಾವಾಟ್ ವಿದ್ಯುತ್ ತಯಾರಿಸುವ ಮಹತ್ವಾಕಾಂಕ್ಷೆಯ ಯೋಜನೆ ಅದು. ಕುತೂಹಲದ ಸಂಗತಿಯೆಂದರೆ ಜಾರ್ಜಿಯಾ ಪವರ್ ಮತ್ತು ಮಿಸಿಸಿಪ್ಪಿ ಪವರ್ ಎರಡಕ್ಕೂ ಸದರ್ನ್ ಕಂಪೆನಿಯೇ ಮಾತೃ ಸಂಸ್ಥೆ. 2010ರಲ್ಲಿ ಮಿಸಿಸಿಪ್ಪಿಯ ಆಯೋಗ ಅನುಮತಿ ಕೊಡುವಾಗಲೇ, ಗ್ರಾಹಕರಿಂದ ವಸೂಲು ಮಾಡಬಹುದಾದ ವೆಚ್ಚ 240 ಕೋಟಿ ಡಾಲರ್ ಮೀರಕೂಡದು ಎಂದು ಷರತ್ತು ಹಾಕಿತು. ಆ ಮಿತಿಯಲ್ಲಿ ತನ್ನಿಂದಾಗದು ಎಂದು ಕಂಪೆನಿ ಪಟ್ಟುಹಿಡಿದಾಗ ತಿಂಗಳೊಳಗೆ ಅದನ್ನು 288 ಕೋಟಿಗೆ ಏರಿಸಿತು. ಆಯೋಗ ಬಗ್ಗಿತು ಎಂದು ಅಂದು ಟೀಕೆ ಬಂದದ್ದು ಸಹಜ. ಆದರೆ ಬಗ್ಗಿದರೂ ಗೆರೆ ಉಳಿಯಿತು. ನಿರ್ಮಾಣ ನಡೆಯುತ್ತಿರುವಾಗಲೇ ಮಂಜೂರಾದ ದರ ಏರಿಕೆಯನ್ನು 2015ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ರದ್ದುಪಡಿಸಿ, ಹಣವನ್ನು ಗ್ರಾಹಕರಿಗೆ ಹಿಂದಿರುಗಿಸಲು ಆದೇಶಿಸಿತು. ವೆಚ್ಚ ಸುಮಾರು 750 ಕೋಟಿ ಡಾಲರ್‌ಗೆ ಏರಿದ ಮೇಲೆ, 2017ರ ಜೂನ್‌ನಲ್ಲಿ, ಕಲ್ಲಿದ್ದಲಿನ ಅನಿಲೀಕರಣವನ್ನೇ ಕೈಬಿಟ್ಟು ನೈಸರ್ಗಿಕ ಅನಿಲದಿಂದ ಸ್ಥಾವರ ನಡೆಸುವುದೆಂದಾಯಿತು. 600 ಕೋಟಿ ಡಾಲರಿಗೂ ಹೆಚ್ಚಿನ ನಷ್ಟವನ್ನು ಹೊತ್ತವರು ಷೇರುದಾರರು. ಮಾತೃ ಸಂಸ್ಥೆ ಅದೇ, ದಶಕ ಅದೇ. ವ್ಯತ್ಯಾಸ ಮಾಡಿದ್ದು ಮೊದಲ ದಿನ ಎಳೆದ ಗೆರೆ.

ಮಿತಿ ಹಾಕುವುದೊಂದೇ ಸರ್ವರೋಗಕ್ಕೂ ಮದ್ದು ಎಂದು ನಾನು ಹೇಳಲಾರೆ. ವೆಚ್ಚ ಏರಿದರೆ ತಾನು ಹೊರುವುದಾಗಿ ಒಪ್ಪಿಕೊಂಡದ್ದೇ ವೆಸ್ಟಿಂಗ್‌ಹೌಸ್‌ನ ದಿವಾಳಿಗೆ ದಾರಿಯಾಯಿತು; ಬಿದ್ದವನಿಂದ ವಸೂಲು ಮಾಡುವುದು ಹೇಗೆ? ಅತಿಯಾದ ಬಿಗಿಯಿಂದ ಯಾರೂ ಸ್ಥಾವರ ಕಟ್ಟಲು ಮುಂದೆ ಬರುವುದಿಲ್ಲ ಎಂಬ ಆತಂಕವೂ ಇದೆ. ವೋಗ್ಟಲ್‌ನ ಹೊಸ ಘಟಕಗಳು ಇಂದು 2,200 ಮೆಗಾವಾಟ್‌ಗೂ ಹೆಚ್ಚಿನ ಇಂಗಾಲಮುಕ್ತ ವಿದ್ಯುತ್ತನ್ನು ಕೊಡುತ್ತಿವೆ. ಇನ್ನೂ ಹಲವು ದಶಕ ಕೊಡಲಿವೆ. ಆದರೆ ಮಿತಿಯ ನಿಜವಾದ ಪ್ರಯೋಜನ ದಂಡ ವಿಧಿಸುವುದರಲ್ಲಿಲ್ಲ. ನಕ್ಷೆ ಪೂರ್ಣವಾಗಿದೆಯೇ, ಅಂದಾಜು ಪ್ರಾಮಾಣಿಕವೇ ಎಂಬ ಪ್ರಶ್ನೆಯನ್ನು ಪಾಯ ತೆಗೆಯುವ ಮೊದಲೇ ಅದು ಕೇಳಿಸುತ್ತದೆ. ತನ್ನ ಕೈಯಿಂದ ಹೋಗುವ ಹಣವಾದರೆ ಅರ್ಧ ಮುಗಿದ ನಕ್ಷೆ ಹಿಡಿದು ಯಾವ ಕಂಪೆನಿಯೂ ಕೆಲಸ ಆರಂಭಿಸದು.

ಇದೆಲ್ಲ ದೂರದ ಅಮೆರಿಕದ ಕಥೆ, ನಮಗೇನು ಎನ್ನುವಂತಿಲ್ಲ. ಕರ್ನಾಟಕದಲ್ಲಿ ವಿದ್ಯುತ್ ನಿಯಂತ್ರಣ ಆಯೋಗ 1999ರಿಂದ ಇದೆ. ದರ ಪರಿಷ್ಕರಣೆಯ ಬಹಿರಂಗ ವಿಚಾರಣೆಗಳಲ್ಲಿ ರೈತರು, ಸಣ್ಣ ಕೈಗಾರಿಕೆಯವರು, ಗ್ರಾಹಕ ಸಂಘಟನೆಗಳವರು ಯೂನಿಟ್‌ಗೆ ಹತ್ತು ಪೈಸೆ, ಇಪ್ಪತ್ತು ಪೈಸೆ ಏರಿಕೆಯ ವಿರುದ್ಧ ವಾದಿಸುತ್ತಾರೆ. ಎಸ್ಕಾಂಗಳ ಸೋರಿಕೆಯನ್ನು, ಟ್ರಾನ್ಸ್‌ಫಾರ್ಮರ್‌ಗಳ ಅವಸ್ಥೆಯನ್ನು ಎತ್ತಿ ತೋರಿಸುತ್ತಾರೆ. ಅವೆಲ್ಲ ನ್ಯಾಯವಾದ ಅಹವಾಲುಗಳೇ. ಆದರೆ ಎಸ್ಕಾಂಗಳ ಖರ್ಚಿನಲ್ಲಿ ಅತಿ ದೊಡ್ಡ ಪಾಲು ವಿದ್ಯುತ್ ಖರೀದಿಯದು. ಆ ಖರೀದಿ ದರದೊಳಗೆ ಸ್ಥಿರ ವೆಚ್ಚವೆಂಬ ಭಾಗವೊಂದಿದೆ. ಸ್ಥಾವರ ಕಟ್ಟಲು ತಗುಲಿದ ಬಂಡವಾಳ, ಅದರ ಸಾಲದ ಬಡ್ಡಿ, ಸವಕಳಿ, ಹೂಡಿಕೆಯ ಮೇಲಿನ ಲಾಭ ಎಲ್ಲವೂ ಅದರಲ್ಲಿ ಅಡಗಿವೆ. ಉಷ್ಣ ಸ್ಥಾವರವೊಂದರ ಆಯುಷ್ಯವನ್ನು 25 ವರ್ಷವೆಂದು ಲೆಕ್ಕಹಾಕಲಾಗುತ್ತದೆ. ಅಂದರೆ ಬಂಡವಾಳ ವೆಚ್ಚವನ್ನು ಒಮ್ಮೆ ಒಪ್ಪಿಕೊಂಡರೆ ಅದರ ಭಾರ ಒಂದು ತಲೆಮಾರಿನವರೆಗೆ ನಮ್ಮ ಬಿಲ್ಲಿನಲ್ಲಿರುತ್ತದೆ. ಬಹಿರಂಗ ವಿಚಾರಣೆಯಲ್ಲಿ ನಾವು ಪೈಸೆಗಳಿಗಾಗಿ ಹೋರಾಡುವ ಹೊತ್ತಿಗೆ ರೂಪಾಯಿಗಳ ತೀರ್ಮಾನ ಆಗಿಹೋಗಿರುತ್ತದೆ.

ನಿರ್ಮಾಣ ಕಾಲದಲ್ಲೇ ಗ್ರಾಹಕರಿಂದ ವಸೂಲು ಮಾಡುವ ಪದ್ಧತಿ ನಮ್ಮ ದರ ನಿಯಮಗಳಲ್ಲಿಲ್ಲ. ಅದು ಸಮಾಧಾನದ ಸಂಗತಿ. ಆದರೆ ಆ ಅವಧಿಯ ಬಡ್ಡಿ ಮಾಯವಾಗುವುದಿಲ್ಲ. ಅದು ಬಂಡವಾಳ ವೆಚ್ಚಕ್ಕೆ ಕೂಡಿಕೊಳ್ಳುತ್ತದೆ. ಆ ಮೊತ್ತದ ಮೇಲೆ ಮತ್ತೆ ಬಡ್ಡಿ, ಮತ್ತೆ ಲಾಭ. ಇದನ್ನು ತಡೆಯಲೆಂದೇ ‘ವಿವೇಕ ಪರಿಶೀಲನೆ’ಯ ನಿಯಮವಿದೆ. ಈ ಕುರಿತು ವಿದ್ಯುತ್ ಮೇಲ್ಮನವಿ ನ್ಯಾಯಮಂಡಳಿ 2011ರ ಏಪ್ರಿಲ್‌ನಲ್ಲಿ, ಮಹಾರಾಷ್ಟ್ರದ ಸರ್ಕಾರಿ ಉತ್ಪಾದನಾ ಕಂಪೆನಿಯ ಪ್ರಕರಣದಲ್ಲಿ, ಸ್ಪಷ್ಟವಾದ ಸೂತ್ರವೊಂದನ್ನು ಕೊಟ್ಟಿತು. ವಿಳಂಬಕ್ಕೆ ಕಂಪೆನಿಯ ತಪ್ಪು ಕಾರಣವಾದರೆ ಹೆಚ್ಚುವರಿ ವೆಚ್ಚ ಕಂಪೆನಿಯದು. ಯಾರ ಹಿಡಿತದಲ್ಲೂ ಇಲ್ಲದ ಕಾರಣವಾದರೆ ಗ್ರಾಹಕರದು. ಎರಡೂ ಅಲ್ಲದಿದ್ದರೆ ಅರ್ಧರ್ಧ. ಸೂತ್ರ ಸರಳ. ಯಾವುದು ಹಿಡಿತದಲ್ಲಿದೆ, ಯಾವುದು ಇಲ್ಲ ಎಂಬುದರಲ್ಲೇ ಕದನವಿರುವುದು. ಭೂಸ್ವಾಧೀನದ ತೊಡಕಿನಿಂದಾಗುವ ವಿಳಂಬವನ್ನು ಕೇಂದ್ರ ವಿದ್ಯುತ್ ನಿಯಂತ್ರಣ ಆಯೋಗದ 2014ರ ನಿಯಮಗಳು ಕಂಪೆನಿ ನಿಯಂತ್ರಿಸಬಹುದಾದ ಸಂಗತಿಗಳ ಸಾಲಿಗೆ ಸೇರಿಸಿದ್ದವು. 2019ರ ನಿಯಮಗಳು, ಕಂಪೆನಿಯ ತಪ್ಪಿನಿಂದಾದದ್ದನ್ನು ಬಿಟ್ಟು ಉಳಿದದ್ದನ್ನು, ನಿಯಂತ್ರಣ ಮೀರಿದ ಸಂಗತಿಗಳ ಸಾಲಿಗೆ ಸರಿಸಿದವು. ಹೀಗೆ ಒಂದು ಸಾಲು ಅತ್ತಿಂದಿತ್ತ ಸರಿದರೆ ನೂರಾರು ಕೋಟಿ ರೂಪಾಯಿ ಒಂದು ಹೆಗಲಿನಿಂದ ಇನ್ನೊಂದಕ್ಕೆ ಸರಿಯಬಲ್ಲದು. ಅದು ಸುದ್ದಿಯಾಗುವುದೇ ಅಪರೂಪ.

ಪರಮಾಣು ವಿದ್ಯುತ್ತಿನ ವಿಷಯದಲ್ಲಿ ಇಷ್ಟು ಕಿಟಕಿಯೂ ತೆರೆದಿರಲಿಲ್ಲ. 1962ರ ಪರಮಾಣು ಶಕ್ತಿ ಕಾಯ್ದೆಯ ಕಾಲದುದ್ದಕ್ಕೂ ಅದರ ದರವನ್ನು ಗೊತ್ತುಪಡಿಸುತ್ತಿದ್ದುದು ಕೇಂದ್ರದ ಪರಮಾಣು ಶಕ್ತಿ ಇಲಾಖೆ; ನಿಯಂತ್ರಣ ಆಯೋಗಗಳ ಬಹಿರಂಗ ವಿಚಾರಣೆಗೆ ಅದು ಬರುತ್ತಿರಲಿಲ್ಲ. ನಮ್ಮದೇ ಕೈಗಾದಲ್ಲಿ 1994ರ ಮೇ ತಿಂಗಳಿನಲ್ಲಿ, ನಿರ್ಮಾಣ ಹಂತದಲ್ಲಿದ್ದ ಒಂದನೆಯ ಘಟಕದ ಒಳಗುಮ್ಮಟದ ಕಾಂಕ್ರೀಟ್ ಕಳಚಿ ಬಿದ್ದಿತು. ಆ ಘಟಕ ವಾಣಿಜ್ಯ ಉತ್ಪಾದನೆ ಆರಂಭಿಸಿದ್ದು 2000ದಲ್ಲಿ. ಆ ಆರು ವರ್ಷಗಳ ಬೆಲೆ ಎಷ್ಟು, ಅದು ಯಾರ ತಲೆಗೆ ಬಂತು ಎಂದು ಸಾಮಾನ್ಯ ಗ್ರಾಹಕರು ಎದ್ದುನಿಂತು ಕೇಳಬಹುದಾದ ವೇದಿಕೆಯೇ ಇರಲಿಲ್ಲ. ಈಗ ಕೈಗಾದಲ್ಲಿ ತಲಾ 700 ಮೆಗಾವಾಟ್‌ನ 5 ಮತ್ತು 6ನೆಯ ಘಟಕಗಳ ಯೋಜನೆಯಿದೆ. 2025ರ ಡಿಸೆಂಬರ್‌ನಲ್ಲಿ ಸಂಸತ್ತು ಅಂಗೀಕರಿಸಿದ ಹೊಸ ಕಾಯ್ದೆ ಈ ಕ್ಷೇತ್ರದ ಬಾಗಿಲನ್ನು ಖಾಸಗಿ ಕಂಪೆನಿಗಳಿಗೂ ತೆರೆದಿದೆ. ವೋಗ್ಟಲ್‌ನ ಪಾಠ ನಮಗೆ ಬೇಕಾಗಿರುವುದು ಈ ಹೊತ್ತಿನಲ್ಲಿ.

ಒಂದು ಆಕ್ಷೇಪ ಬರಬಹುದು. ನಮ್ಮಲ್ಲಿ ಸ್ಥಾವರಗಳನ್ನು ಕಟ್ಟುವವರಲ್ಲಿ ಸರ್ಕಾರಿ ಸಂಸ್ಥೆಗಳೇ ದೊಡ್ಡವು. ಕರ್ನಾಟಕ ವಿದ್ಯುತ್ ನಿಗಮದ ಷೇರುದಾರರೆಂದರೆ ನಾವೇ. ನಿಗಮದ ಮೇಲೆ ನಷ್ಟ ಹೊರಿಸಿದರೆ ಬಲಗಿಸೆಯಿಂದ ತೆಗೆದು ಎಡಗಿಸೆಗೆ ಹಾಕಿದಂತಲ್ಲವೇ? ಅಲ್ಲ. ಸರ್ಕಾರದ ಲೆಕ್ಕಕ್ಕೆ ಬಂದ ನಷ್ಟ ಬಜೆಟ್ಟಿನಲ್ಲಿ ಕಾಣುತ್ತದೆ, ಮಹಾಲೇಖಪಾಲರ ವರದಿಯಲ್ಲಿ ದಾಖಲಾಗುತ್ತದೆ, ವಿಧಾನಸಭೆಯಲ್ಲಿ ಯಾರಾದರೊಬ್ಬರು ಅದಕ್ಕೆ ಉತ್ತರ ಹೇಳಬೇಕಾಗುತ್ತದೆ. ದರದೊಳಗೆ ಸೇರಿದ ನಷ್ಟ ಯಾರ ಕಣ್ಣಿಗೂ ಬೀಳದೆ, ಎರಡು ಕೋಣೆಯ ಬಾಡಿಗೆ ಮನೆಯವರಿಂದಲೂ ಹಿಟ್ಟಿನ ಗಿರಣಿಯವರಿಂದಲೂ ತಿಂಗಳು ತಿಂಗಳು ಜಾರಿ ಹೋಗುತ್ತದೆ.

ಆದ್ದರಿಂದ ಬೇಕಾಗಿರುವುದು ಹೊಸ ಕಾಯ್ದೆಗಳ ಸಾಲಲ್ಲ, ಪರಿಶೀಲನೆಯ ಸಮಯದ ಬದಲಾವಣೆ. ದೊಡ್ಡ ಸ್ಥಾವರವೊಂದರ ಕಾಮಗಾರಿ ಆರಂಭವಾಗುವ ಮೊದಲೇ ಆಯೋಗದ ಮುಂದೆ ಬಹಿರಂಗ ವಿಚಾರಣೆ ನಡೆಯಲಿ. ಗ್ರಾಹಕರಿಂದ ವಸೂಲು ಮಾಡಬಹುದಾದ ವೆಚ್ಚದ ಮಿತಿ ಅಂದೇ ನಿಗದಿಯಾಗಲಿ. ಮಿತಿ ಮೀರಿದರೆ ಸಾಕ್ಷ್ಯದ ಹೊರೆ ಕಂಪೆನಿಯ ಮೇಲಿರಲಿ. ಆರು ತಿಂಗಳಿಗೊಮ್ಮೆ ವೆಚ್ಚ ಮತ್ತು ವಿಳಂಬದ ವರದಿ ಕನ್ನಡದಲ್ಲೂ ಪ್ರಕಟವಾಗಲಿ. ಕಲ್ಲಿದ್ದಲು, ಜಲ, ಪರಮಾಣು ಎಂಬ ಭೇದವಿಲ್ಲದೆ ಈ ನಿಯಮ ಎಲ್ಲಕ್ಕೂ ಅನ್ವಯಿಸಲಿ.

ಜಾರ್ಜಿಯಾದಲ್ಲಿ ಆಯೋಗದ ಸದಸ್ಯರನ್ನು ಜನರೇ ಚುನಾಯಿಸುತ್ತಾರೆ. 2025ರ ನವೆಂಬರ್‌ನಲ್ಲಿ ನಡೆದ ಚುನಾವಣೆಯಲ್ಲಿ, ಏರಿದ ಬಿಲ್ಲುಗಳೇ ಮುಖ್ಯ ವಿಷಯವಾಗಿ, ಅಧಿಕಾರದಲ್ಲಿದ್ದ ಇಬ್ಬರು ಸದಸ್ಯರನ್ನು ಅಲ್ಲಿಯ ಮತದಾರರು ಭಾರಿ ಅಂತರದಿಂದ ಸೋಲಿಸಿದರು. ಸಿಟ್ಟು ತೀರಿತು, ಬಿಲ್ಲಿಗೆ ಸೇರಿಹೋದ ವೋಗ್ಟಲ್‌ನ ವೆಚ್ಚ ಅದರಿಂದ ಕರಗಲಿಲ್ಲ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗಾಯಿತು. ನಮ್ಮ ಆಯೋಗಗಳ ಸದಸ್ಯರನ್ನು ನಾವು ಚುನಾಯಿಸುವುದಿಲ್ಲ. ಸೋಲಿಸುವ ಆ ಸಣ್ಣ ಸಮಾಧಾನವೂ ನಮಗಿಲ್ಲ. ನಮಗಿರುವುದು ಬಾಗಿಲನ್ನು ಮೊದಲೇ ಹಾಕಿರೆಂದು ಕೇಳುವ ಹಕ್ಕೊಂದೇ.